ಎತ್ತಿಕೊಡುವ ಪೆಟ್ಟಿಗೆ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಯಾಕೆ ಕೊಡಲಿಲ್ಲ ಎಂದು ಕಿವಿಯಕ್ಕ ಕೆಲಸದ ಮಧ್ಯೆ ಒಮ್ಮೊಮ್ಮೆ ಯೋಚಿಸುವುದಿತ್ತು. ಬೇಡವಾದದ್ದು ಎದುರಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳಬಹುದು. ಕಿವಿ ಹಾಗಲ್ಲ, ಮನುಷ್ಯ ಮಲಗಿದರೂ ಅದು ಕದ ತೆರೆದುಕೊಂಡೇ ಕೂತಿರುತ್ತದೆ. ಯಾರಾದರೂ ಕರೆದರೆ ತಿಳಿಯಲಿ ಎಂದು ಆ ಪರಮಾತ್ಮ ಹಾಗೆ ಮಾಡಿಟ್ಟಿರಬೇಕು ಎಂದು ಅವಳೇ ಒಂದು ಉತ್ತರವನ್ನೂ ಕಂಡುಕೊಂಡಿದ್ದಳು. ಅವಳನ್ನು ಕರೆಯುವವರು ಈಚೆಗೆ ಕಡಿಮೆಯಾಗಿದ್ದರು ಎಂಬುದು ಬೇರೆ ಮಾತು.

ಕಿವಿ ಮಂದವಾದವರು ಹಾಕಿಕೊಳ್ಳುವ ಯಂತ್ರಗಳನ್ನು ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ಅದಕ್ಕೇ ಬೀದಿಯವರಿಗೆಲ್ಲ ಅವಳು ಕಿವಿಯಕ್ಕ. ಮುಂದಿನ ಕೋಣೆಯಲ್ಲಿ ಸೋಫಾ, ಕನ್ನಡಿ, ನಗುಮುಖದ ಮುದುಕರ ಪಟಗಳು. ಹಿಂದೆ ಒಂದು ಮೇಜು, ದೀಪ ಕಟ್ಟಿದ ಭೂತಗನ್ನಡಿ, ಬೆಸುಗೆ ಹಾಕುವ ಕಡ್ಡಿ, ಹಲ್ಲುಜ್ಜುವ ಬ್ರಷ್ಷಿನ ಮರಿಗಳಂಥ ಬ್ರಷ್ಷುಗಳು. ಕೆಟ್ಟ ಯಂತ್ರಗಳು ಗೋಡೆಯಲ್ಲಿದ್ದ ಪುಟ್ಟ ಕಿಟಕಿಯಿಂದ ಹಿಂದಕ್ಕೆ ಬರುತ್ತಿದ್ದವು, ಸರಿಯಾದವು ಅದೇ ಕಿಟಕಿಯಿಂದ ಮುಂದಕ್ಕೆ ಹೋಗುತ್ತಿದ್ದವು. ಈ ಊರಿನವರ ಕಿವಿಯ ಗುಗ್ಗೆ ನೋಡಿದಷ್ಟು ತಾನು ಅವರ ಮುಖ ನೋಡಿಲ್ಲ ಎಂದು ಅವಳು ತಮಾಷೆಗೆ ಹೇಳುತ್ತಿದ್ದಳು, ಹೇಳುವುದಕ್ಕೆ ಮನೆಯಲ್ಲಿ ಜನ ಇದ್ದ ಕಾಲದಲ್ಲಿ.

ಮನೆ ಎಂದರೆ ಬಡಗಿಯ ಅಂಗಡಿಯ ಮೇಲೆ ಹಲಗೆ ನೆಲದ ಎರಡು ಕೋಣೆ. ಒಂದು ಅವಳದು, ಇನ್ನೊಂದು ತಮ್ಮನದು. ತಮ್ಮ ಮದುವೆಯಾಗಿ ಊರಿನ ಆಚೆ ತುದಿಗೆ ಮನೆ ಮಾಡಿ ವರ್ಷಗಳಾಗಿದ್ದರೂ ಅವಳ ಬಾಯಲ್ಲಿ ಅದು ತಮ್ಮನ ಕೋಣೆಯೇ. ಅವನ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಕೂತಿದ್ದ ಕಡೆ ಹಲಗೆಯ ಬಣ್ಣ ಮಾಸಿರಲಿಲ್ಲ, ಸುತ್ತಲಿನದೆಲ್ಲ ಮಾಸಿತ್ತು. ಗುಡಿಸುವಾಗ ಆ ಚೌಕದ ಹತ್ತಿರ ಬಂದರೆ ಪೊರಕೆ ತಾನಾಗಿ ನಿಧಾನವಾಗುತ್ತಿತ್ತು.

ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕುವ ಹುಡುಗ. ಅವನಿಗೆ ತಲೆ ಬಾಚಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು, ಎಲ್ಲಿಂದಲೋ ಒಂದು ಹಳೆಯ ಗಿಟಾರ್ ಹೊತ್ತು ತಂದಾಗ ಅದರ ಒಳಗಿನ ಮುರಿದ ತಂತಿಗೆ ಬೆಸುಗೆ ಹಾಕಿ ಬಾಯಿ ಬರಿಸಿದ್ದು, ಎಲ್ಲ ಅಕ್ಕನೇ. ಅವಳು ತನಗಾಗಿ ಏನನ್ನೂ ನೋಡಿಕೊಳ್ಳಲಿಲ್ಲ ಎಂದು ನೆಂಟರು ಲೊಚಗುಟ್ಟುತ್ತಿದ್ದರು. ಅವಳಿಗೆ ಹಾಗೆ ಅನ್ನಿಸಿರಲಿಲ್ಲ. ತಮ್ಮನ ಹೆಂಡತಿಯಾಗಿ ಬಂದವಳು ಕೆಟ್ಟವಳೂ ಆಗಿರಲಿಲ್ಲ. ಎಲ್ಲವೂ ಅವಳಿಂದಲೇ ಆಯಿತು ಎಂದು ಬೈದುಕೊಂಡು ಮನಸ್ಸು ಹಗುರ ಮಾಡಿಕೊಳ್ಳುವ ದಾರಿಯೂ ಅಕ್ಕನಿಗೆ ಇರಲಿಲ್ಲ. ಮಕ್ಕಳು ದೊಡ್ಡವರಾದರೆ ಹೋಗುತ್ತಾರೆ, ತಮ್ಮಂದಿರೂ ಅಷ್ಟೇ. ತಿಂಗಳಿಗೊಮ್ಮೆ ಫೋನು, ಯಾವಾಗಲಾದರೊಮ್ಮೆ ನಿಂತ ಕಾಲಲ್ಲಿ ಒಂದು ಲೋಟ ಚಹಾ. ಇದಕ್ಕೆ ಯಾರ ಮೇಲೆ ದೂರು ಹೇಳುವುದು?

ಹೀಗಿರುವಾಗ ಒಂದು ಭಾನುವಾರ ತಮ್ಮ ಗಿಟಾರನ್ನು ಬೆನ್ನಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. ಬಂದವನು ಕೂತ. ಅವನು ಕೂತದ್ದು ನೋಡಿಯೇ ಅಕ್ಕನಿಗೆ ಏನೋ ಆಗಿದೆ ಎಂದು ತಿಳಿಯಿತು.

ಅವನು ಒಂದು ವಾದ್ಯ ತಂಡದಲ್ಲಿ ನುಡಿಸುತ್ತಿದ್ದ. ಹಾಡುಗಾರನೇ ತಂಡದ ಯಜಮಾನ. ಪ್ರತಿ ಹಾಡಿನ ನಡುವೆ ಹಾಡು ನಿಂತು ಗಿಟಾರ್ ಒಂದೇ ಮುಂದೆ ಬಂದು ಮಾತಾಡುವ ಒಂದು ಜಾಗ ಇರುತ್ತದೆ. ಅದನ್ನು ಅವರು ಸರದಿ ಎನ್ನುತ್ತಿದ್ದರು. ಆ ಸರದಿ ಬಂದಾಗ ತಮ್ಮನ ಗಿಟಾರ್ ಡ್ರಮ್ಮು, ತಗ್ಗಿನ ಸ್ವರದ ಬೇಸ್ ಗಿಟಾರು, ಕೀಬೋರ್ಡುಗಳ ಕೆಳಗೆ ಮುಳುಗಿಹೋಗುತ್ತಿತ್ತಂತೆ. ಸಭಾಂಗಣದಲ್ಲಿ ನಡೆಯಲಿದ್ದ ಕಾರ್ಯಕ್ರಮದ ಹೊತ್ತಿಗೆ ಇದು ಸರಿಹೋಗದಿದ್ದರೆ ಸರದಿಯನ್ನು ಕೀಬೋರ್ಡಿನವಳಿಗೆ ಕೊಟ್ಟುಬಿಡುತ್ತೇನೆ ಎಂದು ಹಾಡುಗಾರ ಎಲ್ಲರ ಎದುರಿಗೇ ಹೇಳಿದ್ದ.

"ಸರದಿ ಹೋದ್ಮೇಲೆ ನಾನು ಅಲ್ಲಿ ಯಾಕಕ್ಕ? ಹಿಂದೆ ನಿಂತು ಜಲ್ ಜಲ್ ಅನ್ನೋದಕ್ಕಾ?" ಎಂದ ತಮ್ಮ. ಅವನಿಗೆ ಬೇಕಾಗಿದ್ದುದು ಕಾಲಿನಿಂದ ಒತ್ತುವ ಒಂದು ಪೆಟ್ಟಿಗೆ. ಗಿಟಾರಿನಿಂದ ಹೊರಟ ಸದ್ದು ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ಈ ಪೆಟ್ಟಿಗೆಯನ್ನು ಹಾದು ಹೋಗಬೇಕು. ಒತ್ತಿದರೆ ಅದು ಸದ್ದನ್ನು ಎತ್ತಿಕೊಡಬೇಕು, ಮತ್ತೆ ಒತ್ತಿದರೆ ಇಳಿಸಬೇಕು. ಬೂಸ್ಟ್ ಪೆಡಲ್ ಅನ್ನುತ್ತಾರೆ.

ಅಂಗಡಿಯಲ್ಲಿ ಅಂಥವು ಸಾಲಾಗಿ ಸಿಗುತ್ತವಲ್ಲ ಎಂದಳು ಅಕ್ಕ.

"ತಂದು ನೋಡ್ದೆ. ಒಂದೊಂದೂ ಬೇರೆ ಯಾರದ್ದೋ ಗಂಟಲಲ್ಲಿ ಮಾತಾಡುತ್ತೆ. ನನ್ನ ಗಂಟಲು ಗೊತ್ತಿರೋದು ನಿನಗೆ."

ಈ ಒಂದು ಮಾತಿನಿಂದ ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪೆಟ್ಟಿಗೆ ಗೆದ್ದರೆ ಸರದಿ ಉಳಿಯುತ್ತದೆ, ಅದು ತಮ್ಮನ ಲೆಕ್ಕ. ಅಕ್ಕನದು ಒಳಗೊಳಗೇ ಇನ್ನೊಂದು ಲೆಕ್ಕ: ಪೆಟ್ಟಿಗೆಯ ನೆಪದಲ್ಲಾದರೂ ಅವನು ಮತ್ತೆ ಈ ಮನೆಯವನಾದಾನು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ದೇವರ ಮುಂದೆಯೂ ಪೂರ್ತಿ ಹೇಳಲಿಲ್ಲ. ಕೆಲಸಕ್ಕೆ ಕೂರುವ ಮುಂಚೆ ಕಣ್ಣು ಮುಚ್ಚಿ, ಇದು ಚೆನ್ನಾಗಿ ಆಗಲಪ್ಪ ಎಂದಷ್ಟೇ ಕೇಳಿಕೊಂಡಳು.

ಅಂಥ ಪೆಟ್ಟಿಗೆಯ ಒಳಗೆ ಇರುವುದು ಸ್ವಲ್ಪವೇ. ಒಂದು ಟ್ರಾನ್ಸಿಸ್ಟರ್, ಅದರ ಸುತ್ತ ಅಕ್ಕಿಕಾಳಿನಂಥ ಕೆಲವು ಬಿಡಿಭಾಗಗಳು, ಒಂದು ಬ್ಯಾಟರಿ, ಸದ್ದು ಎಷ್ಟು ಏಳಬೇಕೆಂದು ಹೇಳುವ ಒಂದು ತಿರುಗಣೆ. ಕಿವಿಯ ಯಂತ್ರ ಮಾಡುವುದೂ ಇದನ್ನೇ: ಸಣ್ಣದನ್ನು ದೊಡ್ಡದು ಮಾಡುವುದು. ಆದರೆ ಸ್ವಲ್ಪವೇ ಇರುವ ಕಡೆ ಒಂದೊಂದಕ್ಕೂ ಗತ್ತು ಜಾಸ್ತಿ. ಸದ್ದು ಒಳಗೆ ಬರುವ ಬಾಗಿಲಲ್ಲಿ ಕೆಪಾಸಿಟರ್ ಎಂಬ ಒಂದು ಗುಂಡಿಯಂಥ ವಸ್ತು ಕೂರುತ್ತದೆ. ಅದು ದೊಡ್ಡದಿದ್ದರೆ ತಗ್ಗಿನ ದಪ್ಪ ಸ್ವರಗಳನ್ನೂ ಒಳಗೆ ಬಿಡುತ್ತದೆ, ಚಿಕ್ಕದಿದ್ದರೆ ಅವನ್ನು ಬಾಗಿಲಲ್ಲೇ ತಡೆದು ತೆಳ್ಳಗಿನವನ್ನು ಮಾತ್ರ ಬಿಡುತ್ತದೆ. ಅಕ್ಕ ದೊಡ್ಡದನ್ನೇ ಹಾಕಿದಳು. ತಮ್ಮನ ಯಾವ ಸ್ವರವನ್ನು ತಾನೇ ಅವಳು ಬಾಗಿಲಲ್ಲಿ ನಿಲ್ಲಿಸಿಯಾಳು?

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಆ ಮನೆಗೆ ಜೀವ ಬರುತ್ತಿತ್ತು. ತಮ್ಮ ತನ್ನ ಹಳೆಯ ಆಂಪ್ಲಿಫೈಯರನ್ನು ತಂದು ಮತ್ತೆ ಆ ಚೌಕದ ಮೇಲೇ ಕೂರಿಸಿದ್ದ. ತಮ್ಮ ಹಳೆಯ ಕೋಣೆಯಲ್ಲಿ ಕೂತು ನುಡಿಸುವನು, ಅಕ್ಕ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೇಳುವಳು, ಎದ್ದು ಹೋಗಿ ಒಂದು ಭಾಗ ಬಿಚ್ಚುವಳು, ಇನ್ನೊಂದು ಹಾಕುವಳು. ಮೊದಲ ಸಲ ಒತ್ತಿದಾಗ ಪೆಟ್ಟಿಗೆ ಟಪ್ ಎಂದು ಬಾಗಿಲು ಬಡಿದಂತೆ ಸದ್ದು ಮಾಡಿತು. ಕೆಳಗಿನ ಬಡಗಿ ಮೇಲೆ ಏನು ಬಿತ್ತು ಎಂದು ಕೂಗಿ ಕೇಳಿದ. ಅದನ್ನು ಸರಿಮಾಡಿದಳು. ಆಮೇಲೆ ಜೇನುನೊಣದ ಹಾಗೆ ಒಂದು ಗುಂಯ್ ಹತ್ತಿಕೊಂಡಿತು. ಅದನ್ನು ಓಡಿಸುವುದಕ್ಕೆ ಅಲ್ಯೂಮಿನಿಯಂ ಡಬ್ಬಿ ತಂದು ಎಲ್ಲವನ್ನೂ ಅದರೊಳಗೆ ಕೂರಿಸಿದಳು. ಈ ಮಧ್ಯೆ ಇಬ್ಬರೂ ಯಾವುದೋ ಹಳೆಯ ಮಾತು ತೆಗೆದು ನಗುವರು. ಅವನು ಚಿಕ್ಕವನಿದ್ದಾಗ ಗಿಟಾರಿನ ತಂತಿ ಕಡಿದು ಮೂಗಿಗೆ ಹೊಡೆದದ್ದು, ಮೂಗು ಹೋಯಿತೆಂದು ಅವನು ಕನ್ನಡಿ ನೋಡಲು ಹೆದರಿ ಅಕ್ಕನನ್ನೇ ನೋಡಿ ಹೇಳು ಎಂದದ್ದು.

ಕಡೆಗೊಂದು ದಿನ ಪೆಟ್ಟಿಗೆ ತನ್ನ ದಾರಿಗೆ ಬಂತು. ತಮ್ಮ ಕಾಲಿನಿಂದ ಒತ್ತಿದ, ಒಂದೇ ತಂತಿ ಮೀಟಿದ. ಆ ಸ್ವರ ಗಿಟಾರಿನ ಮರದ ಒಳಗಿನಿಂದ ಎದ್ದು, ತುಂಬಿಕೊಂಡು, ಹಲಗೆಯ ನೆಲದಲ್ಲಿ ಹರಿದು ಅಕ್ಕನ ಅಂಗಾಲಿಗೆ ತಾಗಿ ಎದೆಗೇರಿತು. ಅವನ ಗಂಟಲು ಒಡೆದು ಗಂಡಸಿನ ಧ್ವನಿ ಬಂದ ವರ್ಷ, ಬೆಳಿಗ್ಗೆ ಎದ್ದು ಅಕ್ಕಾ ಎಂದು ಕರೆದಾಗ ಯಾರೋ ಹೊರಗಿನವರು ಬಂದರೆಂದು ಅವಳು ಬೆಚ್ಚಿದ್ದುಂಟು. ಆ ಧ್ವನಿಯೇ ಇದು.

ತಮ್ಮ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. ಆಮೇಲೆ, "ಇದೇ ಅಕ್ಕ. ಇದೇ ನಾನು" ಎಂದ.

ಅದನ್ನು ಅವತ್ತೇ ಕೊಟ್ಟುಕಳಿಸಬಹುದಿತ್ತು. ಡಬ್ಬಿಗೆ ಬಣ್ಣ ಹಚ್ಚಬೇಕು, ಮುಂದಿನ ವಾರ ಬಾ ಎಂದಳು ಅಕ್ಕ. ಮುಂದಿನ ವಾರ ಬಂದಾಗ ಬಣ್ಣ ಒಣಗಿಲ್ಲ ಎಂದಳು.

"ಇದ್ಯಾವ ಬಣ್ಣನಕ್ಕ, ವಾರ ಆದ್ರೂ ಒಣಗದೇ ಇರೋದು? ಹಡಗಿಗೆ ಬಳಿಯೋದಾ?"

"ನಿನಗೆ ಅವಸರ ಇದ್ರೆ ಹಸಿ ಬಣ್ಣಾನೇ ತಗೊಂಡು ಹೋಗು. ಕಾಲಿಗೆ ಮೆತ್ತಿಕೊಂಡ್ರೆ ನನ್ನನ್ನ ಕೇಳ್ಬೇಡ."

ಅವನು ನಕ್ಕು ಇನ್ನೊಂದು ಭಾನುವಾರ ಬಂದ, ಒಂದಷ್ಟು ಹೊತ್ತು ನುಡಿಸಿದ, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಮಗುವನ್ನು ಒಯ್ಯುವ ಹಾಗೆ ಒಯ್ದ.

ಮತ್ತೆ ಬಂದದ್ದು ವಾರದ ನಡುವೆ. ಮುಖ ಗಂಟು ಹಾಕಿಕೊಂಡು, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಇದು ಕೆಲಸ ಮಾಡುತ್ತಿಲ್ಲ ಎಂದ. ಅಕ್ಕ ಗಾಬರಿಯಿಂದ ಬಿಚ್ಚಿ ನೋಡಿದಳು. ಬೆಸುಗೆಯೆಲ್ಲ ಗಟ್ಟಿಯಾಗಿತ್ತು, ಬ್ಯಾಟರಿ ತುಂಬಿತ್ತು. ಆಂಪ್ಲಿಫೈಯರಿಗೆ ಸಿಕ್ಕಿಸಿ ಒತ್ತಿದರೆ ಅದೇ ತುಂಬು ಸದ್ದು, ಅದೇ ಅಂಗಾಲಿನ ನಡುಕ. ಚೆನ್ನಾಗಿದೆಯಲ್ಲೋ ಎಂದಳು. ಇಲ್ಲಿ ಚೆನ್ನಾಗಿದೆ, ಅಲ್ಲಿ ಒತ್ತಿದರೆ ಮೊದಲಿಗಿಂತ ಮುಳುಗುತ್ತದೆ ಎಂದು ಅವನು ಹೇಳಿದ. ಹಾಡುಗಾರ ನಕ್ಕನಂತೆ, ಇದು ಎತ್ತುವ ಪೆಟ್ಟಿಗೆಯೋ ಹೂಳುವ ಪೆಟ್ಟಿಗೆಯೋ ಎಂದು. ಸರದಿಯನ್ನು ಕೀಬೋರ್ಡಿನವಳು ಆಗಲೇ ಅಭ್ಯಾಸ ಮಾಡತೊಡಗಿದ್ದಳಂತೆ. ಅಷ್ಟು ಹೇಳಿ, ಪೆಟ್ಟಿಗೆ ಅಲ್ಲೇ ಬಿಟ್ಟು, ಚಹಾ ಬೇಡ ಎಂದು ಹೊರಟುಬಿಟ್ಟ.

ಆ ಭಾನುವಾರ ಅವನು ಬರಲಿಲ್ಲ. ಬಂದದ್ದು ಅವನ ಹೆಂಡತಿಯ ಫೋನು. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವಳಿಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿರಲಿಲ್ಲ. ಮನೆಯಲ್ಲಿ ಗಿಟಾರ್ ಗೋಡೆಗೆ ಮುಖ ಮಾಡಿ ನಿಂತಿದೆ, ಗಂಡನೂ ಹೆಚ್ಚುಕಡಿಮೆ ಹಾಗೇ ಇದ್ದಾನೆ ಎಂದಳು.

"ಅತ್ತಿಗೆ, ನನಗೆ ಇದರ ತಲೆಬುಡ ಗೊತ್ತಿಲ್ಲ. ಆದ್ರೆ ರೋಗಿ ಅಲ್ಲಿ ಬಿದ್ದಿರೋವಾಗ ನೀವು ಇಲ್ಲಿ ಕೂತು ಔಷಧಿ ಅರೀತಾ ಇದೀರಿ. ಒಂದ್ಸಲ ಅಲ್ಲಿಗೇ ಹೋಗಿ ನೋಡಬಾರದಾ?"

ಅಕ್ಕನಿಗೆ ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿಯಿತು. ಇಳಿದ ಮೇಲೆ, ತಾನು ಒಂದು ಸಲವೂ ಆ ತಂಡ ನುಡಿಸುವ ಜಾಗಕ್ಕೆ ಹೋಗಿಲ್ಲವೆಂಬುದು ನೆನಪಾಯಿತು. ಇಷ್ಟು ವರ್ಷ ತಮ್ಮ ನುಡಿಸುತ್ತಾನೆ ಎಂದರೆ ಅವಳ ಮನಸ್ಸಿನಲ್ಲಿ ಅವನು ಈ ಹಲಗೆ ನೆಲದ ಮೇಲೆ, ಆ ಚೌಕದ ಪಕ್ಕದಲ್ಲಿ, ಒಬ್ಬನೇ ನುಡಿಸುತ್ತಿದ್ದ.

ತಂಡದವರು ಸೇರುತ್ತಿದ್ದುದು ಪೀಠೋಪಕರಣದ ಗೋದಾಮಿನ ನೆಲಮಾಳಿಗೆಯಲ್ಲಿ. ಸದ್ದು ಹೊರಗೆ ಹೋಗದ ಹಾಗೆ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಒರಗಿಸಿದ್ದರು. ಕಾಲಿಟ್ಟ ಕಡೆಯೆಲ್ಲ ತಂತಿ, ಹಾವಿನ ಹುತ್ತದೊಳಗೆ ನಡೆದ ಹಾಗೆ. ಅಕ್ಕ ಪೆಟ್ಟಿಗೆಯನ್ನು ಕೈಚೀಲದಲ್ಲಿ ಹಿಡಿದುಕೊಂಡು ಒಳಗೆ ಬಂದಾಗ ತಮ್ಮನಿಗೆ ನಾಚಿಕೆಯಾಯಿತೋ ಸಂತೋಷವಾಯಿತೋ, ಅವನು ತಂತಿ ಬಿಗಿಯುವುದಕ್ಕೆ ಬಗ್ಗಿದ. ಡ್ರಮ್ ಬಾರಿಸುವವನನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು. ಅವನೇ ಎದ್ದು ಕುರ್ಚಿ ಕೊಟ್ಟ.

"ಬನ್ನಿ ಅಕ್ಕ, ಇಲ್ಲಿ ಕೂತ್ಕೊಳ್ಳಿ. ಕಿವಿಗೆ ಇಟ್ಟುಕೊಳ್ಳೋದಕ್ಕೆ ಹತ್ತಿ ಕೊಡ್ಲಾ?"

"ಬೇಡಪ್ಪ. ನಿಮ್ಮಂಥವರು ಇರೋದರಿಂದಲೇ ನಮ್ಮ ಅಂಗಡಿ ನಡೀತಾ ಇರೋದು."

ಎಲ್ಲರೂ ನಕ್ಕರು. ಯಾವಾಗಲೂ ಸುಮ್ಮನಿರುವ ಬೇಸಿನವನೂ ನಕ್ಕ. ಆಮೇಲೆ ಅವರು ಶುರು ಮಾಡಿದರು.

ಗುಡುಗಿನ ಕಾಲು ಒದೆದ ದೊಡ್ಡ ಡ್ರಮ್ಮಿನ ಏಟು ಅಕ್ಕನ ಪಕ್ಕೆಲುಬಿಗೆ ಬಿತ್ತು. ಅದರ ಮೇಲೆ ಬೇಸಿನ ದಪ್ಪ ತಂತಿಗಳು ಹಾಸಿಕೊಂಡವು, ಕೀಬೋರ್ಡಿನ ಎಡಗೈ ಅವಕ್ಕೆ ಒತ್ತಾಗಿ ನಿಂತಿತು. ಹಾಡುಗಾರ ಹಾಡಿದ, ನಿಲ್ಲಿಸಿದ, ತಮ್ಮನ ಕಡೆ ಕೈ ತೋರಿಸಿದ. ತಮ್ಮ ಪೆಟ್ಟಿಗೆಯನ್ನು ಒತ್ತಿದ. ಅವನ ಬೆರಳುಗಳು ಓಡುವುದು ಅಕ್ಕನಿಗೆ ಕಾಣುತ್ತಿತ್ತು, ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು. ಕೇಳುತ್ತಿರಲಿಲ್ಲ. ಇಡೀ ಕೋಣೆಯ ಗುಡುಗುಡು ಸ್ವಲ್ಪ ಹೆಚ್ಚಾಯಿತು, ಅಷ್ಟೇ. ಗಾಜಿನ ಆಚೆ ನಿಂತು ಯಾರೋ ಕೂಗಿದ ಹಾಗಿತ್ತು.

ಮುಗಿದ ಮೇಲೆ ಯಾರೂ ಅವಳ ಮುಖ ನೋಡಲಿಲ್ಲ. ಅಕ್ಕ ಬೇಸಿನವನನ್ನು ಕೇಳಿದಳು, ಈ ಸಲ ನೀವು ಸರದಿಯ ಹೊತ್ತಿಗೆ ನುಡಿಸುವುದನ್ನು ಸ್ವಲ್ಪ ನಿಲ್ಲಿಸುತ್ತೀರಾ ಎಂದು. ಅವನು ತಲೆಯಾಡಿಸಿದ. ಮತ್ತೆ ನುಡಿಸಿದರು. ಬೇಸು ನಿಂತ ಕ್ಷಣಕ್ಕೆ ಅದರ ಜಾಗದಲ್ಲಿ ತಮ್ಮ ಎದ್ದು ಬಂದ, ದಪ್ಪಗೆ, ತುಂಬಿಕೊಂಡು, ಮನೆಯಲ್ಲಿ ಕೇಳಿದ ಹಾಗೆಯೇ. ಬೇಸು ಮತ್ತೆ ಹಿಡಿದುಕೊಂಡಿತು, ತಮ್ಮ ಮತ್ತೆ ಇಲ್ಲವಾದ.

ಆಗ ಅಕ್ಕನಿಗೆ ತಾನು ಮಾಡಿದ್ದು ಗೊತ್ತಾಯಿತು. ತಗ್ಗಿನ ಸ್ವರಗಳ ಜಾಗದಲ್ಲಿ ಆಗಲೇ ಜನ ಕೂತಿದ್ದರು. ತಾನು ಅಷ್ಟು ಪ್ರೀತಿಯಿಂದ ಬಾಗಿಲು ಅಗಲ ಮಾಡಿ ಬಿಟ್ಟ ದಪ್ಪ ಸ್ವರಗಳು ಹೋಗಿ ಅವರ ಮೇಲೇ ಕೂರುತ್ತಿದ್ದವು. ಅವನ್ನು ಹೊರುವುದರಲ್ಲೇ ಆಂಪ್ಲಿಫೈಯರಿನ ಉಸಿರು ಮುಗಿಯುತ್ತಿತ್ತು. ತಮ್ಮನ ಪಾಲಿಗೆ ಉಳಿದದ್ದು ಮೇಲೆ, ತೆಳ್ಳಗಿನ ಸ್ವರಗಳ ಒಂದು ಕಿರುದಾರಿ, ಅದರಲ್ಲಿ ಅವನನ್ನು ಯಾರೂ ನಡೆಸಿರಲಿಲ್ಲ. ತನ್ನ ಅಂಗಡಿಯ ಕಿಟಕಿಯ ಆಚೆಯಿಂದ ದಿನವೂ ಬರುತ್ತಿದ್ದ ದೂರು ಅವಳಿಗೆ ನೆನಪಾಯಿತು. ಮನೆಯಲ್ಲಿ ಒಬ್ಬರೇ ಇದ್ದರೆ ಎಲ್ಲ ಚೆನ್ನಾಗಿ ಕೇಳುತ್ತದೆ, ನಾಲ್ಕು ಜನ ಸೇರಿದ ಕಡೆ ಹೋದರೆ ಏನೂ ತಿಳಿಯುವುದಿಲ್ಲ ಎನ್ನುವರು. ಅಭ್ಯಾಸವಾಗುತ್ತದೆ ಎಂದು ಹೇಳಿಸಿ ಕಳಿಸುತ್ತಿದ್ದಳು ಅವಳು. ಒಬ್ಬಳೇ ಇರುವವಳಿಗೆ ಎಲ್ಲರೂ ಒಬ್ಬರೇ ಇರುವ ಹಾಗೆ ಕಾಣುತ್ತದೆಯೋ ಏನೋ.

ಪೆಟ್ಟಿಗೆಯನ್ನು ಮನೆಗೆ ತಂದು ಹೊಟ್ಟೆ ಬಿಚ್ಚಿದಳು. ಬಾಗಿಲಲ್ಲಿ ಕೂತಿದ್ದ ದೊಡ್ಡ ಕೆಪಾಸಿಟರನ್ನು ಬಿಸಿ ತಾಗಿಸಿ ಎಬ್ಬಿಸಿದಳು. ಅದಕ್ಕಿಂತ ಚಿಕ್ಕದನ್ನು ಕೂರಿಸಿ, ತಮ್ಮ ಬಿಟ್ಟುಹೋಗಿದ್ದ ಹಳೆಯ ಗಿಟಾರಿನ ತಂತಿಯನ್ನು ಬೆರಳಿನಿಂದ ಎಳೆದು ಕೇಳಿದಳು. ಇನ್ನೂ ಚಿಕ್ಕದು. ಇನ್ನೂ. ಒಂದೊಂದು ಹೆಜ್ಜೆಗೂ ಸದ್ದಿನ ಮೈ ಇಳಿಯುತ್ತ ಬಂತು. ನೆಲದ ಹಲಗೆ ಸುಮ್ಮನಾಯಿತು. ಅಂಗಾಲಿಗೆ ಏನೂ ತಾಗಲಿಲ್ಲ. ಕಡೆಗೆ ಉಳಿದದ್ದು ತೆಳ್ಳಗಿನ, ಮೂಗಿನಲ್ಲಿ ಮಾತಾಡುವಂಥ ಒಂದು ಸದ್ದು. ಕಿವಿಗೆ ಹಿತವಿರಲಿಲ್ಲ. ಬೇಸಿನ ಮೇಲೆ, ಡ್ರಮ್ಮಿನ ಕಂಚಿನ ತಟ್ಟೆಗಳ ಕೆಳಗೆ, ಅವಳು ಮನಸ್ಸಿನಲ್ಲೇ ಅಳೆದು ಇಟ್ಟುಕೊಂಡಿದ್ದ ಆ ಕಿರುದಾರಿಗೆ ಅದು ಸರಿಯಾಗಿ ಹಿಡಿಸುತ್ತಿತ್ತು.

ಬಾ ಎಂದು ಹೇಳಿಕಳಿಸಿದ ಮೇಲೆ ತಮ್ಮ ಬಂದ. ಒತ್ತಿದ, ಮೀಟಿದ, ಹುಳಿ ಕಚ್ಚಿದವನ ಹಾಗೆ ಮುಖ ಮಾಡಿದ.

"ಅಕ್ಕ, ಇದೇನಿದು? ತಗಡು ಬಡಿದ ಹಾಗಿದೆ."

"ಹೌದು."

"ಮೊದಲಿನದೇ ಚೆನ್ನಾಗಿತ್ತು."

"ಇಲ್ಲಿ ಚೆನ್ನಾಗಿತ್ತು."

ಅವನು ಮತ್ತೆ ಮೀಟಿದ, ತಲೆ ಅಲ್ಲಾಡಿಸಿದ. ಇದು ನಾನಲ್ಲ ಎಂದ. ಇದನ್ನು ಕೇಳಿದರೆ ಮನೆಯಲ್ಲಿ ನುಡಿಸುವುದಕ್ಕೇ ಮನಸ್ಸು ಬರುವುದಿಲ್ಲ ಎಂದ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಪಕ್ಕದಲ್ಲಿ ಇನ್ನೊಂದು ಪುಟ್ಟ ಸ್ವಿಚ್ ಇಟ್ಟುಬಿಡು, ಒಂದು ಕಡೆ ಹಾಕಿದರೆ ದಪ್ಪ, ಇನ್ನೊಂದು ಕಡೆ ಹಾಕಿದರೆ ತೆಳು. ಅಲ್ಲಿಗೆ ಒಂದು, ಇಲ್ಲಿಗೆ ಒಂದು. ಭಾನುವಾರ ಬಂದಾಗ ನಿನಗೂ ಕೇಳಿಸುತ್ತೇನೆ ಎಂದ.

ಮಾಡುವುದು ಕಷ್ಟವೇನಲ್ಲ. ಡಬ್ಬಿಯ ಪಕ್ಕಕ್ಕೆ ಒಂದು ತೂತು, ಎರಡು ತಂತಿ, ಒಂದು ಸ್ವಿಚ್. ಅಂಥ ಸ್ವಿಚ್ಚು ಅವಳ ಮೇಜಿನ ಡ್ರಾದಲ್ಲೇ ಇತ್ತು. ಅವಳು ಎದ್ದು ಅದನ್ನು ಹುಡುಕಿದಳು, ಡಬ್ಬಿಯ ಪಕ್ಕಕ್ಕೆ ಹಿಡಿದು ಜಾಗ ನೋಡಿದಳು, ಪೆನ್ಸಿಲಿನಿಂದ ಒಂದು ಚುಕ್ಕೆಯನ್ನೂ ಇಟ್ಟಳು. ಭಾನುವಾರಗಳು ಹಿಂದಿನಂತೆ ಬರುವುದು, ತಾನು ಮಣೆ ಹಾಕಿಕೊಂಡು ಬಾಗಿಲಲ್ಲಿ ಕೂರುವುದು ಎಲ್ಲ ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಇನ್ನೊಂದೂ ಕಟ್ಟಿತು: ವೇದಿಕೆಯ ಮಬ್ಬು ಬೆಳಕಿನಲ್ಲಿ ನಿಂತ ತಮ್ಮ, ಇಡೀ ವಾರ ದಪ್ಪ ಸದ್ದಿಗೆ ಒಗ್ಗಿದ ಅವನ ಕಿವಿ, ತನಗೆ ಹಿತವಾದ ಕಡೆಗೇ ತಿರುಗುವ ಅವನ ಕೈ. ಹಿತವಾದದ್ದು ಹತ್ತಿರದಲ್ಲಿದ್ದರೆ ಯಾರು ತಾನೇ ಬಿಟ್ಟಾರು? ಅವನು ಅದನ್ನು ಕೇಳಿಕೊಂಡು ಮುಳುಗುತ್ತಾನೆ. ಆ ಸ್ವಿಚ್ಚು ತಮ್ಮನಿಗೆ ಬೇಕಾದದ್ದಲ್ಲ, ತನಗೆ ಬೇಕಾದದ್ದು. ಅದನ್ನು ಒಪ್ಪಿಕೊಂಡು ಅವಳು ಸ್ವಿಚ್ಚನ್ನು ಮತ್ತೆ ಡ್ರಾದೊಳಗೆ ಹಾಕಿದಳು. ಆಮೇಲೆ ಪೆನ್ಸಿಲಿನ ಚುಕ್ಕೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಬೇಡ ಕಣೋ. ಒಂದೇ ಇರಲಿ."

"ಯಾಕಕ್ಕ? ಆಗಲ್ವಾ?"

"ಆಗುತ್ತೆ. ಬೇಡ." ಡಬ್ಬಿಯನ್ನು ಅವನ ಕೈಗಿಟ್ಟು ಹೇಳಿದಳು, "ಇದು ನಾವಿಬ್ಬರೇ ಇರೋ ಕಡೆಗೆ ಮಾಡಿದ್ದಲ್ಲ. ಇದನ್ನ ಇಲ್ಲಿ ಕೇಳ್ಬೇಡ. ಅಲ್ಲಿಗೆ ತಗೊಂಡು ಹೋಗಿ, ಅವರ ಮಧ್ಯೆ ನಿಂತು ಒತ್ತು. ಆಮೇಲೆ ಬೈಯೋದಿದ್ರೆ ಬೈ."

ಅವನು ಬೈಯುವುದಕ್ಕೆ ಫೋನು ಮಾಡಲಿಲ್ಲ. ಮಾಡಿದಾಗ ಅವನಿಗೆ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಒತ್ತಿದ ಕೂಡಲೇ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಎಲ್ಲರನ್ನೂ ಸೀಳಿಕೊಂಡು ಬಂತಂತೆ. ಗುಡುಗು ಕೋಲು ಕೈಬಿಟ್ಟು ತಿರುಗಿ ನೋಡಿದನಂತೆ. ಹಾಡುಗಾರ ಏನೂ ಹೇಳದೆ, ಮುಂದಿನ ಹಾಡಿನ ಸರದಿಗೂ ಅವನ ಕಡೆಗೇ ಕೈ ತೋರಿಸಿದನಂತೆ; ಕೀಬೋರ್ಡಿನವಳು, ಸದ್ಯ, ನನ್ನ ತಲೆಯ ಮೇಲಿನ ಭಾರ ಇಳಿಯಿತು ಎಂದಳಂತೆ. ಅಲ್ಲಿ ಎಲ್ಲರ ಜೊತೆ ಕೇಳಿದರೆ ತೆಳುವೇ ಅನ್ನಿಸುವುದಿಲ್ಲ ಅಕ್ಕ, ಬೇಸಿನವನ ದಪ್ಪವೇ ನನ್ನ ದಪ್ಪ ಎನ್ನುವ ಹಾಗಿದೆ ಎಂದ.

ಅಕ್ಕ ಕಣ್ಣು ಮುಚ್ಚಿ ಮೇಲಿರುವವನನ್ನು ನೆನೆದಳು.

"ಇನ್ಮೇಲೆ ಭಾನುವಾರವೂ ಅಲ್ಲೇ ಅಭ್ಯಾಸ ಇಟ್ಕೊಂಡಿದೀವಿ" ಎಂದ ತಮ್ಮ. "ಆ ಪೆಟ್ಟಿಗೆ ಮನೇಲಿ ಕೇಳೋ ಹಾಗಿಲ್ವಲ್ಲ, ನೀನೇ ಹೇಳಿದ್ದು." ಅವನು ನಕ್ಕ. ಅವಳೂ ನಕ್ಕಳು. ಹೌದಪ್ಪ, ನಾನೇ ಹೇಳಿದ್ದು ಎಂದಳು.

ಸಭಾಂಗಣದ ಕಾರ್ಯಕ್ರಮ ಒಂದು ಮಧ್ಯಾಹ್ನ. ತಮ್ಮನ ಹೆಂಡತಿ ಅಕ್ಕನಿಗಾಗಿ ಮುಂದಿನ ಸಾಲಿನಲ್ಲಿ ಕೈಚೀಲ ಇಟ್ಟು ಜಾಗ ಹಿಡಿದಿದ್ದಳು. ಜನ ಕಿಕ್ಕಿರಿದಿದ್ದರು. ಮೊದಲ ಹಾಡಿನ ನಡುವೆ ಹಾಡುಗಾರ ಕೈ ತೋರಿಸಿದ, ತಮ್ಮ ಕಾಲು ಮುಂದಿಟ್ಟು ಒತ್ತಿದ. ಅಷ್ಟು ಸದ್ದಿನ ಮೇಲೆ ಅವನ ಸ್ವರ ಎದ್ದು ನಿಂತಿತು. ತೆಳ್ಳಗೆ, ನೆಟ್ಟಗೆ, ಯಾರ ಮೈಯನ್ನೂ ತುಳಿಯದೆ, ತನ್ನ ದಾರಿಯಲ್ಲಿ ತಾನು ನಡೆಯಿತು. ಜನ ಕುರ್ಚಿಯಿಂದ ಏಳುವುದನ್ನು ಅಕ್ಕ ಬೆನ್ನ ಹಿಂದೆ ಕೇಳಿದಳು. ಸರದಿ ಮುಗಿದಾಗ ತಮ್ಮ ನಗುತ್ತಾ ತಿರುಗಿದ. ಗುಡುಗಿನ ಕಡೆಗೆ. ಗುಡುಗು ಕೋಲು ಎತ್ತಿ ತೋರಿಸಿದ, ಬೇಸಿನವನು ಹೆಗಲಿನಿಂದ ಅವನ ಹೆಗಲನ್ನು ತಾಗಿಸಿದ. ತಮ್ಮ ಹಾಗೆ ನಗುವುದನ್ನು ಅವಳು ಬಹಳ ಕಾಲದಿಂದ ನೋಡಿರಲಿಲ್ಲ. ಅವನಿಗೆ ಅಲ್ಲಿ ಎಲ್ಲವೂ ಇತ್ತು.

ಇನ್ನೆರಡು ಹಾಡು ಕೇಳಿದಳು. ಆಮೇಲೆ, ತಲೆ ಭಾರವಾಗುತ್ತಿದೆ, ಬಸ್ಸು ತಪ್ಪಿದರೆ ಕಷ್ಟ ಎಂದು ತಮ್ಮನ ಹೆಂಡತಿಯ ಕಿವಿಯಲ್ಲಿ ಹೇಳಿ, ಜನರ ಮೊಣಕಾಲುಗಳ ಮಧ್ಯೆ ದಾರಿ ಮಾಡಿಕೊಂಡು ಹೊರಗೆ ಬಂದಳು. ಹಿಂದೆ ದಪ್ಪ ಬಾಗಿಲು ಮುಚ್ಚಿಕೊಂಡಿತು. ಹೊರಗೆ ಬಿಸಿಲು ಇನ್ನೂ ಇತ್ತು. ಉದ್ದನೆಯ ಗೋಡೆಯ ಪಕ್ಕದಲ್ಲಿ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆ ಮುಂದಿನ ಹಾಡು ಶುರುವಾಯಿತು. ನೆಲಮಾಳಿಗೆಯಲ್ಲಿ ಅಂದು ಕೇಳಿದ್ದ ಹಾಡು ಅದು. ಡ್ರಮ್ಮಿನ ನಡೆಯಿಂದಲೇ ಗೊತ್ತಾಯಿತು. ಅಕ್ಕ ಗೋಡೆಯ ಹತ್ತಿರ ನಿಂತಳು.

"ಯಾಕಮ್ಮ, ಟಿಕೆಟ್ ಇಲ್ವಾ?" ಎಂದ ಕಾವಲುಗಾರ. ಇದ್ದರೆ ಒಳಗೆ ಹೋಗಿ ಕೂತುಕೊಳ್ಳಿ, ಇಲ್ಲಿ ಏನು ಕೇಳುತ್ತದೆ, ಬರೀ ಧಡ್ ಧಡ್ ಎಂದು ಗೋಡೆ ಒದೆಯುವುದು ಬಿಟ್ಟು ಬೇರೇನೂ ಇಲ್ಲ ಎಂದ.

ಅವಳು ಕೈಯೆತ್ತಿ ಸುಮ್ಮನಿರು ಎನ್ನುವ ಹಾಗೆ ಮಾಡಿದಳು. ಹಾಡುಗಾರನ ಧ್ವನಿಯ ನೆರಳು ನಿಂತಿತು. ಈಗ ಕೈ ತೋರಿಸಿರುತ್ತಾನೆ. ಈಗ ಕಾಲು ಒತ್ತಿರುತ್ತದೆ.

"ಈಗ ನನ್ನ ತಮ್ಮನ ಸರದಿ" ಎಂದಳು.

ಪಾಪ ಎನ್ನಿಸಿ ಕಾವಲುಗಾರ ಕುತ್ತಿಗೆ ಓರೆ ಮಾಡಿ ಕಿವಿಗೊಟ್ಟ. ಡ್ರಮ್ಮು ಗೋಡೆಯನ್ನು ಹಾದು ಬರುತ್ತಿತ್ತು, ಬೇಸು ಹಾದು ಬರುತ್ತಿತ್ತು. ಗೋಡೆ ಬಿಡುವುದು ದಪ್ಪ ಸ್ವರಗಳನ್ನು ಮಾತ್ರ. ಆ ಗೋಡೆಯನ್ನು ದಾಟಿ ಬರಬಹುದಾಗಿದ್ದುದನ್ನೆಲ್ಲ ಅಕ್ಕ ತನ್ನ ಕೈಯಾರೆ ಬಿಸಿ ತಾಗಿಸಿ ತೆಗೆದಿದ್ದಳು.

"ಏನೂ ಕೇಳ್ತಿಲ್ವಲ್ಲಮ್ಮ."

"ಇಲ್ಲ" ಎಂದಳು ಕಿವಿಯಕ್ಕ. "ಒಳಗಿನವರಿಗೆ ಕೇಳುತ್ತೆ."

ಸರದಿ ಮುಗಿಯುವಷ್ಟು ಹೊತ್ತು ಅವಳು ಅಲ್ಲೇ ನಿಂತಿದ್ದಳು. ಒಳಗೆ ಜನ ಚಪ್ಪಾಳೆ ತಟ್ಟಿರಬೇಕು. ಅದೂ ತೆಳುವಾದ ಸದ್ದೇ, ಹೊರಗೆ ಬರಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು, ಬರುತ್ತೇನಪ್ಪ ಎಂದು ಕಾವಲುಗಾರನಿಗೆ ಹೇಳಿ, ಬಸ್ಸು ನಿಲ್ಲುವ ಕಡೆಗೆ ನಡೆದಳು.